ಐದು ಪ್ರತಿಗಳ ಧೈರ್ಯ ಎಲ್ಲಿ ಹೋಯಿತು?

2023ರ ಜನವರಿಯಲ್ಲಿ ನಮ್ಮ ಕಾವೂರಿನ ಮಹಾಲಿಂಗೇಶ್ವರ ದೇವಸ್ಥಾನದ ಜಾತ್ರೆಯ ವೇಳೆಗೆ ಒಂದು ಬ್ಯಾನರ್ ಕಾಣಿಸಿಕೊಂಡಿತು. ಹಿಂದುತ್ವ ಸಂಘಟನೆಗಳ ಹೆಸರಿನಲ್ಲಿದ್ದ ಆ ಬ್ಯಾನರ್, ಮೂರ್ತಿಪೂಜೆಯನ್ನು ವಿರೋಧಿಸುವವರಿಗೆ ಜಾತ್ರೆಯಲ್ಲಿ ವ್ಯಾಪಾರಕ್ಕೆ ಅವಕಾಶವಿಲ್ಲ ಎಂಬರ್ಥದ ಮಾತುಗಳನ್ನು ಹೊತ್ತಿತ್ತು. ಅದು ಯಾರನ್ನು ಉದ್ದೇಶಿಸಿದ್ದು ಎಂಬುದನ್ನು ಕರಾವಳಿಯ ಓದುಗರಿಗೆ ವಿವರಿಸಬೇಕಾಗಿಲ್ಲ. ಜಾತ್ರೆಯಿಂದ ಜಾತ್ರೆಗೆ ಅಲೆಯುತ್ತಾ ಬಳೆ, ಬಲೂನು, ಮಕ್ಕಳ ಆಟಿಕೆ ಮಾರಿ ಹೊಟ್ಟೆ ಹೊರೆಯುವ ಬಡ ಮುಸ್ಲಿಮರ ಹೊಟ್ಟೆಗೆ ಹೊಡೆಯುವುದೇ ಅದರ ಉದ್ದೇಶವಾಗಿತ್ತು.

ಅದೇ ತಿಂಗಳ 17ರಂದು ಬ್ರಿಟನ್ನಿನಲ್ಲಿ ಬಿಬಿಸಿ, 'ಇಂಡಿಯಾ: ದಿ ಮೋದಿ ಕ್ವೆಶ್ಚನ್' ಎಂಬ ಸಾಕ್ಷ್ಯಚಿತ್ರದ ಮೊದಲ ಭಾಗವನ್ನು ಪ್ರಸಾರ ಮಾಡಿತು. 2002ರ ಗುಜರಾತ್ ಹತ್ಯಾಕಾಂಡದಲ್ಲಿ ಅಂದಿನ ಮುಖ್ಯಮಂತ್ರಿಯ ಪಾತ್ರವೇನು ಎಂಬ ಪ್ರಶ್ನೆಯನ್ನು ಅದು ಮತ್ತೆ ಎತ್ತಿತ್ತು. ವಾರ ತುಂಬುವುದರೊಳಗೆ ಕೇಂದ್ರ ಸರಕಾರ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳಲ್ಲಿರುವ ತುರ್ತು ಅಧಿಕಾರವನ್ನು ಬಳಸಿ, ಆ ಚಿತ್ರವನ್ನು ಹಂಚುವ ಕೊಂಡಿಗಳನ್ನೆಲ್ಲ ಯೂಟ್ಯೂಬ್ ಮತ್ತು ಟ್ವಿಟರ್‌ಗಳಿಂದ ತೆಗೆಸಿಹಾಕಿತು. ದಿಲ್ಲಿಯ ಜೆಎನ್‌ಯುನಲ್ಲಿ ವಿದ್ಯಾರ್ಥಿಗಳು ಅದನ್ನು ನೋಡಲು ಸೇರಿದ ಸಂಜೆ ವಿದ್ಯುತ್ ಕಡಿತವಾಯಿತು. ಮರುದಿನ ಜಾಮಿಯಾದಲ್ಲಿ ಪ್ರದರ್ಶನಕ್ಕೆ ಮುನ್ನವೇ ವಿದ್ಯಾರ್ಥಿಗಳನ್ನು ಪೊಲೀಸರು ಎಳೆದೊಯ್ದರು. ಫೆಬ್ರವರಿಯಲ್ಲಿ ಬಿಬಿಸಿಯ ದಿಲ್ಲಿ ಮತ್ತು ಮುಂಬೈ ಕಚೇರಿಗಳಿಗೆ ಆದಾಯ ತೆರಿಗೆ ಇಲಾಖೆಯವರು ಬಂದರು.

ಈ ಎರಡು ಘಟನೆಗಳನ್ನು ನಾವು ಅಕ್ಕಪಕ್ಕ ಇಟ್ಟು ನೋಡಬೇಕು. ಸಾರ್ವಜನಿಕ ರಸ್ತೆಯಲ್ಲಿ ನೆರೆಯವನ ಅನ್ನಕ್ಕೆ ಬಹಿಷ್ಕಾರ ಹಾಕುವ ಬ್ಯಾನರ್ ಕಟ್ಟಲು ಯಾವ ಮಂಡಳಿಯ ಪ್ರಮಾಣಪತ್ರವೂ ಬೇಕಾಗಲಿಲ್ಲ. ಇಪ್ಪತ್ತು ವರ್ಷಗಳ ಹಿಂದಿನ ನರಮೇಧದ ಬಗ್ಗೆ ಪ್ರಶ್ನೆ ಕೇಳುವ ಚಿತ್ರ ಮಾತ್ರ ದೇಶದ ಸಾರ್ವಭೌಮತೆಗೇ ಅಪಾಯವೆನಿಸಿತು. ದ್ವೇಷಕ್ಕೆ ವಿತರಣೆಯ ಸಮಸ್ಯೆ ಎಂದೂ ಇರಲಿಲ್ಲ. ಸತ್ಯ ಮಾತ್ರ ಪ್ರತಿ ಚೆಕ್‌ಪೋಸ್ಟಿನಲ್ಲೂ ಇಳಿದು ತನ್ನ ಕಾಗದಪತ್ರ ತೋರಿಸಬೇಕಾಗಿದೆ.

ಆದರೆ ಸರಕಾರವನ್ನು ಬೈದು ಕೈತೊಳೆದುಕೊಳ್ಳಲು ನಾವು ಇದನ್ನು ಬರೆಯುತ್ತಿಲ್ಲ. ನಿಷೇಧಿಸುವುದು ಪ್ರಭುತ್ವದ ಸ್ವಭಾವ. ಅದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ನಮ್ಮನ್ನು ಕಾಡುವ ಪ್ರಶ್ನೆ ಬೇರೆ. ನಿಷೇಧ ತೆರವಾದ ಮೇಲೂ, ಪ್ರಮಾಣಪತ್ರ ಸಿಕ್ಕ ಮೇಲೂ, ಪ್ರಶಸ್ತಿ ಬಂದ ಮೇಲೂ ಇಂಥ ಚಿತ್ರಗಳು ಕಾವೂರಿನಂಥ ಊರಿಗೆ ಯಾಕೆ ಬರುವುದಿಲ್ಲ? ಅವುಗಳ ದಾರಿಗೆ ಅಡ್ಡ ನಿಂತವರು ಯಾರು? ಆ ಸಾಲಿನಲ್ಲಿ ನಾವೂ ಇದ್ದೇವೆಯೇ?

ಇಪ್ಪತ್ತು ವರ್ಷಗಳ ಹಿಂದಿನ ಕಥೆಯಿಂದ ಆರಂಭಿಸೋಣ. ಗುಜರಾತಿನ ಬೂದಿ ಇನ್ನೂ ಬಿಸಿಯಾಗಿದ್ದಾಗಲೇ ರಾಕೇಶ್ ಶರ್ಮಾ ಎಂಬ ನಿರ್ದೇಶಕ ಕ್ಯಾಮರಾ ಹಿಡಿದು ಅಲ್ಲಿಗೆ ಹೋದರು. ಸಂತ್ರಸ್ತರನ್ನು, ಗಲಭೆಯ ಸಮರ್ಥಕರನ್ನು, ಚುನಾವಣಾ ಸಭೆಗಳ ಭಾಷಣಗಳನ್ನು, ಏನೂ ಅರಿಯದ ವಯಸ್ಸಿನಲ್ಲೇ ಎಲ್ಲವನ್ನೂ ಕಂಡ ಮಕ್ಕಳನ್ನು ಚಿತ್ರೀಕರಿಸಿ 'ಫೈನಲ್ ಸೊಲ್ಯೂಶನ್' ಎಂಬ ಸುಮಾರು ಎರಡೂವರೆ ಗಂಟೆಯ ಸಾಕ್ಷ್ಯಚಿತ್ರ ಮಾಡಿದರು. 2004ರ ಫೆಬ್ರವರಿಯಲ್ಲಿ ಬರ್ಲಿನ್ ಚಿತ್ರೋತ್ಸವ ಅದಕ್ಕೆ ಪ್ರಶಸ್ತಿ ನೀಡಿತು. ಅದೇ ಫೆಬ್ರವರಿಯಲ್ಲಿ ನಮ್ಮದೇ ಸರಕಾರ ನಡೆಸುವ ಮುಂಬೈ ಅಂತಾರಾಷ್ಟ್ರೀಯ ಸಾಕ್ಷ್ಯಚಿತ್ರೋತ್ಸವದಲ್ಲಿ ಅದಕ್ಕೆ ಜಾಗ ಸಿಗಲಿಲ್ಲ.

ಆ ಉತ್ಸವದ ಕಥೆಯೂ ತಿಳಿಯಬೇಕಾದದ್ದೇ. ಆ ವರ್ಷ ಭಾರತೀಯ ಚಿತ್ರಗಳಿಗೆ ಮಾತ್ರ ಸೆನ್ಸಾರ್ ಪ್ರಮಾಣಪತ್ರ ಕಡ್ಡಾಯ, ವಿದೇಶಿ ಚಿತ್ರಗಳಿಗೆ ಬೇಡ ಎಂಬ ವಿಚಿತ್ರ ನಿಯಮವನ್ನು ತರಲಾಯಿತು. ನೂರಾರು ಸಾಕ್ಷ್ಯಚಿತ್ರಕಾರರು ಒಟ್ಟಾಗಿ ಪ್ರತಿಭಟಿಸಿದಾಗ ನಿಯಮವನ್ನು ಹಿಂದೆಗೆದುಕೊಂಡರು. ಆದರೆ ಆಯ್ಕೆಯ ಹೆಸರಿನಲ್ಲಿ ಪ್ರಭುತ್ವಕ್ಕೆ ಇರುಸುಮುರುಸಾಗುವ ಚಿತ್ರಗಳು ಒಂದೊಂದಾಗಿ ಹೊರಬಿದ್ದವು. ಹೊರಬಿದ್ದವರು ಅಳುತ್ತಾ ಕೂರಲಿಲ್ಲ. ಉತ್ಸವ ನಡೆಯುತ್ತಿದ್ದ ಸ್ಥಳದ ಎದುರಿನ ಭೂಪೇಶ್ ಗುಪ್ತಾ ಭವನದಲ್ಲಿ 'ವಿಕಲ್ಪ' ಎಂಬ ತಮ್ಮದೇ ಉತ್ಸವ ನಡೆಸಿದರು. ಬೆಂಗಳೂರು ಸೇರಿದಂತೆ ಬೇರೆ ನಗರಗಳಿಗೂ ಅದು ಪ್ರಯಾಣ ಬೆಳೆಸಿತು.

2004ರ ಮೇ ತಿಂಗಳಲ್ಲಿ ಕೇಂದ್ರದಲ್ಲಿ ಸರಕಾರ ಬದಲಾಯಿತು. ಜಾತ್ಯತೀತರೆಂದು ಹೇಳಿಕೊಳ್ಳುವವರು ಅಧಿಕಾರಕ್ಕೆ ಬಂದರು. ಅವರು ಬಂದ ಮೇಲೆಯೇ, ಅನುಪಮ್ ಖೇರ್ ಅಧ್ಯಕ್ಷರಾಗಿದ್ದ ಸೆನ್ಸಾರ್ ಮಂಡಳಿ 'ಫೈನಲ್ ಸೊಲ್ಯೂಶನ್'ಗೆ ಪ್ರಮಾಣಪತ್ರ ನಿರಾಕರಿಸಿತು ಎಂಬುದನ್ನು ನಾವು ಮರೆಯಬಾರದು. ಚಿತ್ರ ಕೋಮು ಸೌಹಾರ್ದವನ್ನು ಕದಡುತ್ತದೆ, ಸಾರ್ವಜನಿಕ ಶಾಂತಿಗೆ ಅಪಾಯ ತರುತ್ತದೆ ಎಂಬುದು ಮಂಡಳಿ ನೀಡಿದ ಕಾರಣ. ಕೊಂದವರಿಂದ ಕದಡದ ಸೌಹಾರ್ದ ಕೊಲೆಯನ್ನು ತೋರಿಸಿದವರಿಂದ ಕದಡಿತಂತೆ!

ರಾಕೇಶ್ ಶರ್ಮಾ ಆಗ ಮಾಡಿದ ಕೆಲಸ ಭಾರತದ ಸಾಕ್ಷ್ಯಚಿತ್ರ ಚಳವಳಿಯಲ್ಲಿ ನೆನಪಿಡುವಂಥದ್ದು. ಅವರು ಚಿತ್ರದ ಸಿಡಿಗಳನ್ನು ಉಚಿತವಾಗಿ ಹಂಚತೊಡಗಿದರು. ಷರತ್ತು ಒಂದೇ: ಪಡೆದವರು ಕನಿಷ್ಠ ಐದು ಪ್ರತಿ ಮಾಡಿ ಬೇರೆಯವರಿಗೆ ಕೊಡಬೇಕು. ಸಿನೆಮಾದವರು ಪೈರಸಿಯ ವಿರುದ್ಧ ಹೋರಾಡುವುದನ್ನು ಕಂಡಿದ್ದೇವೆ. 'ದಯವಿಟ್ಟು ನನ್ನ ಚಿತ್ರವನ್ನು ಪೈರಸಿ ಮಾಡಿ' ಎಂದು ಬೇಡಿದ ನಿರ್ದೇಶಕನನ್ನು ಅದಕ್ಕೆ ಮೊದಲು ಕಂಡಿರಲಿಲ್ಲ. ಸೆನ್ಸಾರ್ ಮಂಡಳಿಗೆ ಒಂದು ಚಿತ್ರಮಂದಿರವನ್ನು ಮುಚ್ಚಿಸಲು ಸಾಧ್ಯ, ಸಾವಿರಾರು ಮನೆಗಳ ಟಿವಿಯನ್ನು ಮುಚ್ಚಿಸಲು ಸಾಧ್ಯವಿರಲಿಲ್ಲ. ಅಕ್ಟೋಬರ್ 2004ರಲ್ಲಿ ನಿಷೇಧ ತೆರವಾಯಿತು. ಮುಂದೆ ಅದೇ ಚಿತ್ರಕ್ಕೆ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ತೀರ್ಪುಗಾರರ ವಿಶೇಷ ಪ್ರಶಸ್ತಿಯೂ ಬಂತು.

ಅಂಥ ಒಂದು ಸಿಡಿ ಬೆಂಗಳೂರಿನಲ್ಲಿ ಓದುತ್ತಿದ್ದ ಗೆಳೆಯನೊಬ್ಬನ ಮೂಲಕ ನಮಗೂ ಸಿಕ್ಕಿತು. ಕಾವೂರಿನ ಸುತ್ತಮುತ್ತಲಿನ ನಾವು ಕೆಲವರು ಅದನ್ನು ಊರವರಿಗೆ ತೋರಿಸಬೇಕೆಂದು ಉತ್ಸಾಹದಿಂದ ಹೊರಟೆವು. ಒಂದು ಚಿಕ್ಕ ಸಭಾಂಗಣ ಗೊತ್ತು ಮಾಡಿ ಮುಂಗಡ ಕೊಟ್ಟೆವು. ಮೂರನೆಯ ದಿನ ಅದರ ಮಾಲಕರು ಹಣ ವಾಪಸು ಕೊಟ್ಟರು. ಪೊಲೀಸರು ಕೇಳಿದರೇ? ಇಲ್ಲ. ಯಾರಾದರೂ ಬೆದರಿಸಿದರೇ? ಅದೂ ಇಲ್ಲ. "ನಾಳೆ ಏನಾದರೂ ಆದರೆ?" ಎಂಬ ಒಂದೇ ಮಾತು. ಅವರು ಕೆಟ್ಟವರಾಗಿರಲಿಲ್ಲ. 1998ರ ಕೊನೆಯಲ್ಲಿ ಸುರತ್ಕಲ್ ಹೊತ್ತಿ ಉರಿದದ್ದನ್ನು ಕಂಡವರು, ಅಷ್ಟೇ.

ಆ ಮೇಲೆ ನಾವು ನಮ್ಮದೇ ಸಮುದಾಯದ ಒಂದು ಸಂಸ್ಥೆಯ ಬಾಗಿಲು ತಟ್ಟಿದೆವು. ಅಲ್ಲಿ ಸಿಕ್ಕ ಉತ್ತರ ನಮ್ಮನ್ನು ಹೆಚ್ಚು ನೋಯಿಸಿತು. ಫಿಲ್ಮು ತೋರಿಸಲು ಇದು ಜಾಗವಲ್ಲ ಎಂದರು ಒಬ್ಬರು. ಹಳೆಯ ಗಾಯವನ್ನು ಯಾಕೆ ಕೆದಕುತ್ತೀರಿ ಎಂದರು ಇನ್ನೊಬ್ಬರು. ನಾವು ಸುಮ್ಮನಿದ್ದರೆ ಅವರೂ ಸುಮ್ಮನಿರುತ್ತಾರೆ ಎಂದರು ಮತ್ತೊಬ್ಬರು. ಕೊನೆಗೆ ಒಂದು ಮನೆಯ ಚಾವಡಿಯಲ್ಲಿ, ಇಪ್ಪತ್ತೊಂದು ಇಂಚಿನ ಟಿವಿಯ ಮುಂದೆ ಸುಮಾರು ಮೂವತ್ತು ಜನ ಕುಳಿತು ನೋಡಿದೆವು. ಚಿತ್ರದ ಮಾತು ಹಿಂದಿ ಮತ್ತು ಗುಜರಾತಿಯಲ್ಲಿತ್ತು, ಅಡಿಬರಹ ಇಂಗ್ಲಿಷಿನಲ್ಲಿತ್ತು. ಒಳಕೋಣೆಯ ಬಾಗಿಲಲ್ಲಿ ಕುಳಿತ ಹೆಂಗಸರಿಗೆ ಅರ್ಥವಾಗದೆ, ನಾವು ನಡುನಡುವೆ ಚಿತ್ರ ನಿಲ್ಲಿಸಿ ಬ್ಯಾರಿಯಲ್ಲಿ ಹೇಳುತ್ತಾ ಹೋದೆವು. ಮುಗಿದಾಗ ಮಧ್ಯರಾತ್ರಿ ದಾಟಿತ್ತು. ವಯಸ್ಸಾದ ತಾಯಿಯೊಬ್ಬರು ಕೇಳಿದರು: "ಇದನ್ನು ಹಿಂದೂಗಳು ನೋಡಿದ್ದಾರಾ ಮಕ್ಕಳೇ?"

ಆ ಚಾವಡಿಯಲ್ಲಿದ್ದ ಹಿಂದೂಗಳು ಇಬ್ಬರು. ಇಬ್ಬರೂ ನಮ್ಮ ಗೆಳೆಯರು, ನೋಡದಿದ್ದರೂ ನಮ್ಮ ಜೊತೆ ನಿಲ್ಲುವವರು. ರಸ್ತೆಯ ಆಚೆ ಬದಿಯ ಮನೆಗಳಿಗೆ ಆ ಚಿತ್ರ ತಲುಪಲೇ ಇಲ್ಲ. ಐದು ಪ್ರತಿ ಮಾಡಿ ಹಂಚಬೇಕೆಂಬ ಷರತ್ತಿಗೆ ನಾವೂ ತಲೆಯಾಡಿಸಿದ್ದೆವು. ನಾವು ಮಾಡಿದ್ದು ಎರಡು. ಅದರಲ್ಲೊಂದು ಇಂದಿಗೂ ನಮ್ಮ ಕಪಾಟಿನಲ್ಲೇ ಇದೆ.

ಈ ವೈಫಲ್ಯವನ್ನು ನಾವು ಸೆನ್ಸಾರ್ ಮಂಡಳಿಯ ತಲೆಗೆ ಕಟ್ಟುವಂತಿಲ್ಲ. ಆನಂದ್ ಪಟವರ್ಧನ್ ಅವರ ಅನುಭವವನ್ನೇ ನೋಡಿ. ಅಯೋಧ್ಯೆಯ ಬಗೆಗಿನ ಅವರ 'ರಾಮ್ ಕೆ ನಾಮ್' ಚಿತ್ರಕ್ಕೆ ಸೆನ್ಸಾರ್ ಪ್ರಮಾಣಪತ್ರವೂ ಇತ್ತು, ರಾಷ್ಟ್ರ ಪ್ರಶಸ್ತಿಯೂ ಇತ್ತು. ಆದರೂ ದೂರದರ್ಶನ ಅದನ್ನು ತೋರಿಸಲು ಒಪ್ಪಲಿಲ್ಲ. ಮಸೀದಿ ಉರುಳುವ ಮೊದಲು ದೇಶದ ಮನೆಮನೆಗಳಲ್ಲಿ ನೋಡಬೇಕಾಗಿದ್ದ ಚಿತ್ರವದು. ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ ಅದು ಪ್ರಸಾರವಾಗುವಾಗ 1992ರ ಡಿಸೆಂಬರ್ 6 ಕಳೆದು ವರ್ಷಗಳೇ ಆಗಿದ್ದವು. ನ್ಯಾಯಾಲಯದಿಂದ ನೇಮಕಗೊಂಡು ಅಲ್ಲಿ ಅರ್ಚಕರಾಗಿದ್ದ ಲಾಲ್‌ದಾಸ್ ಆ ಚಿತ್ರದಲ್ಲಿ, ಈ ಆಂದೋಲನ ಭಕ್ತಿಯದ್ದಲ್ಲ, ರಾಜಕೀಯದ್ದು ಎಂದು ನಿರ್ಭಯವಾಗಿ ಮಾತನಾಡಿದ್ದಾರೆ. 1993ರ ನವೆಂಬರಿನಲ್ಲಿ ಅವರನ್ನು ಕೊಲ್ಲಲಾಯಿತು. ಒಬ್ಬ ಹಿಂದೂ ಅರ್ಚಕ ಸೌಹಾರ್ದಕ್ಕಾಗಿ ಆಡಿದ ಮಾತು ಜನರಿಗೆ ತಲುಪುವ ಮುನ್ನವೇ ಆತನ ಪ್ರಾಣ ಹೋಯಿತು. ಚಿತ್ರವೊಂದು ತಡವಾದರೆ ಏನು ನಷ್ಟ ಎಂದು ಕೇಳುವವರು ಲಾಲ್‌ದಾಸರ ಹೆಸರನ್ನು ನೆನಪಿಟ್ಟುಕೊಳ್ಳಲಿ. ಪಟವರ್ಧನ್ ಅವರ ಇನ್ನೊಂದು ಚಿತ್ರ 'ಪಿತೃ, ಪುತ್ರ್ ಔರ್ ಧರ್ಮಯುದ್ಧ್' ಸಿದ್ಧವಾದದ್ದು 1995ರಲ್ಲಿ. ಅದನ್ನು ದೂರದರ್ಶನ ಪ್ರಸಾರ ಮಾಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2006ರಲ್ಲಿ.

ಗುಲ್ಬರ್ಗ್ ಸೊಸೈಟಿಯ ದುರಂತವನ್ನು ಆಧರಿಸಿದ 'ಪರ್ಝಾನಿಯಾ' ಎಂಬ ಕಥಾಚಿತ್ರ 2007ರಲ್ಲಿ ಬಿಡುಗಡೆಯಾಯಿತು. ಗುಜರಾತ್ ಸರಕಾರ ಅದನ್ನು ನಿಷೇಧಿಸಲಿಲ್ಲ. ನಿಷೇಧಿಸುವ ಅಗತ್ಯವೇ ಬೀಳಲಿಲ್ಲ. ಅಲ್ಲಿನ ಚಿತ್ರಮಂದಿರಗಳ ಮಾಲಕರೇ ಅಂಜಿ ಹಿಂದೆ ಸರಿದರು. ಯಾವ ಆದೇಶವೂ ಇಲ್ಲ, ಯಾರ ಸಹಿಯೂ ಇಲ್ಲ, ನ್ಯಾಯಾಲಯದಲ್ಲಿ ಪ್ರಶ್ನಿಸಲು ಒಂದು ತುಂಡು ಕಾಗದವೂ ಇಲ್ಲ. ಸರಕಾರದ ನಿಷೇಧಕ್ಕಿಂತ ಈ ನಿಷೇಧ ಹೆಚ್ಚು ಬಲಶಾಲಿ. ನಮ್ಮ ಕಾವೂರಿನ ಸಭಾಂಗಣದ ಮಾಲಕರು ಹಣ ವಾಪಸು ಕೊಟ್ಟಾಗ ನಡೆದದ್ದೂ ಇದೇ.

ಕಾನೂನು ಏನು ಹೇಳುತ್ತದೆ? ನಮ್ಮ ದೇಶದಲ್ಲಿ ಸಿನೆಮಾ ಸೆನ್ಸಾರ್ ಕುರಿತ ಬುನಾದಿ ತೀರ್ಪು ಬಂದದ್ದೇ ಒಂದು ಕಿರು ಸಾಕ್ಷ್ಯಚಿತ್ರದಿಂದ. ಖ್ವಾಜಾ ಅಹ್ಮದ್ ಅಬ್ಬಾಸ್ ನಾಲ್ಕು ಮಹಾನಗರಗಳ ಬಡವ-ಶ್ರೀಮಂತರ ಅಂತರವನ್ನು ತೋರಿಸುವ 'ಎ ಟೇಲ್ ಆಫ್ ಫೋರ್ ಸಿಟೀಸ್' ಎಂಬ ಚಿತ್ರ ಮಾಡಿ, ಮಂಡಳಿಯ ಕತ್ತರಿಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. 1970ರಲ್ಲಿ ನ್ಯಾಯಾಲಯ ಸೆನ್ಸಾರನ್ನು ಎತ್ತಿಹಿಡಿಯಿತು. 1989ರಲ್ಲಿ ತಮಿಳು ಚಿತ್ರವೊಂದರ ಕುರಿತ ರಂಗರಾಜನ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಪ್ರತಿಭಟನೆಯ ಬೆದರಿಕೆಯಿದೆಯೆಂದು ಅಭಿವ್ಯಕ್ತಿಯನ್ನು ಹತ್ತಿಕ್ಕುವಂತಿಲ್ಲ, ರಕ್ಷಣೆ ಕೊಡುವುದು ಸರಕಾರದ ಕರ್ತವ್ಯ ಎಂದು ಸ್ಪಷ್ಟವಾಗಿ ಹೇಳಿತು. ಕಲ್ಲೆಸೆಯುವವನನ್ನು ತಡೆಯಬೇಕೇ ಹೊರತು ಚಿತ್ರ ತೋರಿಸುವವನನ್ನಲ್ಲ. ಈ ಮಾತು ಗೊತ್ತಿರುವ ಸಭಾಂಗಣದ ಮಾಲಕರು ನಮ್ಮ ಜಿಲ್ಲೆಯಲ್ಲಿ ಎಷ್ಟು ಜನ ಇದ್ದಾರು? ಅವರಿಗೆ ತಿಳಿಸಿದ ನಾವೆಷ್ಟು ಜನ?

ಇಂಥ ಚಿತ್ರಗಳಿಂದ ಗಲಭೆಯಾಗುತ್ತದೆ ಎಂಬುದು ಸವಕಲಾದ ವಾದ. ಮೈಸೂರಿನವರಾದ ಎಂ.ಎಸ್. ಸತ್ಯು ಅವರ 'ಗರಂ ಹವಾ' ಚಿತ್ರವನ್ನು ಕೋಮು ಗಲಭೆಯಾದೀತೆಂಬ ಭಯದಿಂದ ತಿಂಗಳುಗಟ್ಟಲೆ ತಡೆಹಿಡಿಯಲಾಗಿತ್ತು. ಅದು ಮೊದಲು ತೆರೆಕಂಡದ್ದು ನಮ್ಮ ಬೆಂಗಳೂರಿನಲ್ಲಿ, ಸಾಗರ್ ಮತ್ತು ಸಂಗೀತ್ ಚಿತ್ರಮಂದಿರಗಳಲ್ಲಿ. ಬೆಂಗಳೂರಿನ ಜನ ತೋರಿದ ಪ್ರೀತಿ ಅದಕ್ಕೆ ಇಡೀ ದೇಶದ ಬಾಗಿಲು ತೆರೆಯಿತು. 'ಸಂಸ್ಕಾರ' ಚಿತ್ರವನ್ನೂ ಸೆನ್ಸಾರ್ ಮೊದಲು ತಡೆದಿತ್ತು. ಕೊನೆಗೆ ಕನ್ನಡಕ್ಕೆ ರಾಷ್ಟ್ರಪತಿಗಳ ಸ್ವರ್ಣಕಮಲ ತಂದದ್ದು ಅದೇ ಚಿತ್ರ.

ಇನ್ನು ನಿಜವಾಗಿ ಬೆಂಕಿ ಹಚ್ಚಿದ್ದು ಯಾವುದು? 2013ರಲ್ಲಿ ಮುಝಫ್ಫರ್‌ನಗರದಲ್ಲಿ ಹಬ್ಬಿದ ಒಂದು ವೀಡಿಯೊ. ಪಾಕಿಸ್ತಾನದ ಸಿಯಾಲ್‌ಕೋಟಿನಲ್ಲಿ 2010ರಲ್ಲಿ ನಡೆದ ಗುಂಪುಹತ್ಯೆಯ ದೃಶ್ಯವನ್ನು ಸ್ಥಳೀಯ ಹಿಂದೂ ಯುವಕರ ಕೊಲೆಯೆಂದು ಬಿಂಬಿಸಿ ಹಂಚಲಾಯಿತು. ಅದಕ್ಕೆ ಯಾವ ಮಂಡಳಿಯೂ ಪ್ರಮಾಣಪತ್ರ ಕೇಳಲಿಲ್ಲ. ಆದರೆ ಆ ಗಲಭೆಯ ಹಿಂದಿನ ರಾಜಕೀಯವನ್ನು ಬಿಡಿಸಿಟ್ಟ ನಕುಲ್ ಸಿಂಗ್ ಸಾಹ್ನಿಯವರ 'ಮುಝಫ್ಫರ್‌ನಗರ್ ಬಾಕಿ ಹೈ' ಚಿತ್ರದ ಪ್ರದರ್ಶನಕ್ಕೆ 2015ರ ಆಗಸ್ಟ್‌ನಲ್ಲಿ ದಿಲ್ಲಿಯ ಕಾಲೇಜಿನಲ್ಲಿ ಎಬಿವಿಪಿಯವರು ನುಗ್ಗಿದರು. ಅದಕ್ಕೆ ಸಿಕ್ಕ ಉತ್ತರ ಗಮನಿಸಿ. ಅದೇ ತಿಂಗಳ 25ರಂದು ದೇಶದ ಹತ್ತಾರು ಊರುಗಳಲ್ಲಿ ಒಂದೇ ದಿನ ಆ ಚಿತ್ರವನ್ನು ತೋರಿಸಲಾಯಿತು. ಒಂದು ಕಡೆ ತಡೆದರೆ ಐವತ್ತು ಕಡೆ ತೋರಿಸುತ್ತೇವೆ ಎಂಬುದೇ ಇಂಥ ಗೂಂಡಾಗಿರಿಗೆ ತಕ್ಕ ಉತ್ತರ.

ಇನ್ನೊಂದು ಬಗೆಯ ಚಿತ್ರಗಳಿಗೆ ಸಿಗುವ ಮರ್ಯಾದೆಯನ್ನೂ ನಾವು ನೋಡಿದ್ದೇವೆ. 2022ರ ಮಾರ್ಚ್‌ನಲ್ಲಿ 'ದಿ ಕಾಶ್ಮೀರ್ ಫೈಲ್ಸ್'ಗೆ ಕರ್ನಾಟಕ ಸರಕಾರ ತೆರಿಗೆ ವಿನಾಯಿತಿ ಘೋಷಿಸಿತು. ಶಾಸಕರಿಗಾಗಿ ವಿಶೇಷ ಪ್ರದರ್ಶನ ಏರ್ಪಾಡಾಯಿತು. 2023ರ ಮೇ 5ರಂದು ಬಳ್ಳಾರಿಯ ಚುನಾವಣಾ ಸಭೆಯಲ್ಲಿ ಸ್ವತಃ ಪ್ರಧಾನಿಯವರೇ 'ದಿ ಕೇರಳ ಸ್ಟೋರಿ'ಯನ್ನು ಹೊಗಳಿದರು. ಮೂವತ್ತೆರಡು ಸಾವಿರ ಹೆಣ್ಣುಮಕ್ಕಳ ಕಥೆಯೆಂದು ಪ್ರಚಾರ ಪಡೆದ ಆ ಚಿತ್ರದ ಟ್ರೈಲರ್ ಕೊನೆಗೆ ಮೂರು ಹೆಣ್ಣುಮಕ್ಕಳ ಕಥೆಗೆ ಇಳಿದಿತ್ತು. ಪಶ್ಚಿಮ ಬಂಗಾಳ ಸರಕಾರ ಅದನ್ನು ನಿಷೇಧಿಸಿದ್ದು ತಪ್ಪು, ಸುಪ್ರೀಂ ಕೋರ್ಟ್ ಆ ನಿಷೇಧಕ್ಕೆ ತಡೆ ಕೊಟ್ಟದ್ದು ಸರಿ ಎಂದೇ ನಾವು ಹೇಳುತ್ತೇವೆ. ಆ ಚಿತ್ರಗಳನ್ನು ಯಾರೂ ನೋಡಬಾರದೆಂಬುದು ನಮ್ಮ ವಾದವಲ್ಲ. ಒಂದು ಚಿತ್ರವನ್ನು ಹೆಗಲ ಮೇಲೆ ಹೊತ್ತು ಮೆರೆಸುವ ಪ್ರಭುತ್ವ ಇನ್ನೊಂದರ ಕುತ್ತಿಗೆ ಹಿಸುಕುವುದಾದರೆ, ಅಂಥವರ ಬಾಯಲ್ಲಿ 'ಸಾರ್ವಜನಿಕ ಶಾಂತಿ' ಎಂಬ ಮಾತಿಗೆ ಏನು ಬೆಲೆ ಎಂದಷ್ಟೇ ಕೇಳುತ್ತಿದ್ದೇವೆ.

ಇಲ್ಲಿಯವರೆಗೆ ಬರೆದದ್ದನ್ನು ನಮ್ಮ ಸಮುದಾಯದ ಓದುಗರು ಮೆಚ್ಚಿ ತಲೆದೂಗಿರಬಹುದು. ಇನ್ನು ಮುಂದಿನದನ್ನೂ ಅಷ್ಟೇ ತಾಳ್ಮೆಯಿಂದ ಓದಬೇಕೆಂದು ಕೋರುತ್ತೇವೆ.

2024ರ ಜೂನ್‌ನಲ್ಲಿ 'ಹಮಾರೆ ಬಾರಹ್' ಎಂಬ ಹಿಂದಿ ಚಿತ್ರವನ್ನು ಕರ್ನಾಟಕ ಸರಕಾರ 1964ರ ಕರ್ನಾಟಕ ಸಿನೆಮಾ ನಿಯಂತ್ರಣ ಕಾಯ್ದೆಯಡಿ ಎರಡು ವಾರಗಳ ಮಟ್ಟಿಗೆ ತಡೆಹಿಡಿಯಿತು. ಮುಸ್ಲಿಮರನ್ನು ಕೀಳಾಗಿ ಬಿಂಬಿಸುತ್ತದೆ, ಶಾಂತಿ ಕದಡುತ್ತದೆ ಎಂಬ ಮನವಿಗಳು ನಮ್ಮ ಸಂಘಟನೆಗಳಿಂದಲೇ ಹೋಗಿದ್ದವು. ಆದೇಶ ಬಂದಾಗ ನಮ್ಮಲ್ಲಿ ಅನೇಕರು ಸಂಭ್ರಮಿಸಿದರು. ಕೊನೆಗೆ ಬಾಂಬೆ ಹೈಕೋರ್ಟ್ ಕೆಲವು ಕತ್ತರಿಗಳೊಂದಿಗೆ ಬಿಡುಗಡೆಗೆ ಒಪ್ಪಿತು. ಆ ಚಿತ್ರದ ಪ್ರಚಾರ ವಿಕೃತವಾಗಿತ್ತು ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ 'ಫೈನಲ್ ಸೊಲ್ಯೂಶನ್'ಗೆ ಕತ್ತರಿ ಹಾಕಿದವರು ಬಳಸಿದ ಮಾತನ್ನೇ, ಅದೇ ಕೋಮು ಸೌಹಾರ್ದ, ಅದೇ ಸಾರ್ವಜನಿಕ ಶಾಂತಿ ಎಂಬ ಪದಗಳನ್ನೇ ನಾವೂ ಬಳಸಿದೆವಲ್ಲವೇ? ಇಂದು ನಮ್ಮ ಪರವಾಗಿ ಎತ್ತಿದ ಆ ಕಾಯ್ದೆ ನಾಳೆ ಗುಜರಾತಿನ ಬಗ್ಗೆ, ಮಂಗಳೂರಿನ ಬಗ್ಗೆ ಬರುವ ಚಿತ್ರದ ಮೇಲೆ ಬೀಳುವುದಿಲ್ಲವೆಂಬ ಖಾತ್ರಿಯನ್ನು ನಮಗೆ ಯಾರು ಕೊಟ್ಟಿದ್ದಾರೆ?

ಇದು ಹೊಸ ಚಾಳಿಯೂ ಅಲ್ಲ. 1986ರಲ್ಲಿ ಬೆಂಗಳೂರಿನ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಅಚ್ಚಾದ ಸಣ್ಣಕಥೆಗಾಗಿ ಬೀದಿಗಿಳಿದೆವು, ಪ್ರಾಣಗಳು ಹೋದವು. 2010ರಲ್ಲಿ ಕನ್ನಡ ಪತ್ರಿಕೆಯೊಂದರ ಬರಹಕ್ಕಾಗಿ ಶಿವಮೊಗ್ಗ, ಹಾಸನಗಳಲ್ಲಿ ಬೀದಿಗಿಳಿದೆವು, ಶಿವಮೊಗ್ಗದಲ್ಲಿ ಇಬ್ಬರು ಸತ್ತರು. 2013ರಲ್ಲಿ 'ವಿಶ್ವರೂಪಂ' ಬಿಡುಗಡೆಗೆ ಅಡ್ಡ ನಿಂತೆವು. ನೋವಾಗಿದೆ ಎಂದು ಹೇಳುವ, ಪ್ರತಿಭಟಿಸುವ, ಬರೆದು ಉತ್ತರಿಸುವ ಹಕ್ಕು ನಮಗಿದೆ. ತಡೆಯಿರಿ ಎಂದು ಪ್ರಭುತ್ವದ ಕೈಗೆ ಕತ್ತರಿ ಕೊಡುವುದು ಬೇರೆ. ಕತ್ತರಿ ಯಾರ ಕೈಯಲ್ಲಿದೆಯೋ ಅವರಿಗೆ ಬೇಕಾದದ್ದನ್ನು ಅದು ಕತ್ತರಿಸುತ್ತದೆ. ಅಲ್ಪಸಂಖ್ಯಾತರ ಕೈಯಲ್ಲಿ ಅದು ಎಂದೂ ಇರುವುದಿಲ್ಲ ಎಂಬ ಸರಳ ಲೆಕ್ಕ ನಮಗೆ ಇನ್ನೂ ಅರ್ಥವಾದಂತಿಲ್ಲ.

ಕನ್ನಡದಲ್ಲಿ ನಾವು ಇಂಥ ಚಿತ್ರಗಳನ್ನು ಸಾಕ್ಷ್ಯಚಿತ್ರ ಎನ್ನುತ್ತೇವೆ. ಸಾಕ್ಷ್ಯವನ್ನು ಬಚ್ಚಿಡುವುದು ಪಾಪವೆಂದು ಕಲಿಸುವ, ತನ್ನ ಮತ್ತು ತನ್ನವರ ವಿರುದ್ಧವಾದರೂ ಸರಿ ನ್ಯಾಯಕ್ಕೆ ಸಾಕ್ಷಿಯಾಗಿ ನಿಲ್ಲಬೇಕೆಂದು ಹೇಳುವ ಧರ್ಮ ನಮ್ಮದು. ಶುಕ್ರವಾರದ ಖುತ್ಬಾದಲ್ಲಿ ಅದನ್ನು ಕೇಳಿ ಬಂದವರು, ಸಾಕ್ಷ್ಯವೊಂದು ಸಿಡಿಯ ರೂಪದಲ್ಲಿ ಬಾಗಿಲಿಗೆ ಬಂದಾಗ 'ನಮಗೆ ಯಾಕೆ ಉಸಾಬರಿ' ಎಂದರೆ ಅದನ್ನು ಏನೆಂದು ಕರೆಯಬೇಕು?

ಈಗೆಲ್ಲ ಮೊಬೈಲಿನಲ್ಲೇ ಸಿಗುತ್ತದಲ್ಲ, ಪ್ರದರ್ಶನದ ಗೊಡವೆ ಯಾಕೆ ಎಂದು ಯುವಕರು ಕೇಳುತ್ತಾರೆ. ಸಿಗುತ್ತದೆ ನಿಜ, ಸರಕಾರ ಬಿಟ್ಟಷ್ಟು ದಿನ. ಬಿಬಿಸಿ ಚಿತ್ರದ ಕೊಂಡಿಗಳು ಒಂದೇ ಆದೇಶಕ್ಕೆ ಮಾಯವಾದದ್ದನ್ನು ಕಂಡಿದ್ದೇವೆ. ಅಂದು ಸಾವಿರ ಸಿಡಿಗಳನ್ನು ಹುಡುಕಿ ವಶಪಡಿಸಿಕೊಳ್ಳಲು ಸಾವಿರ ಮನೆಗೆ ಹೋಗಬೇಕಿತ್ತು. ಇಂದು ಒಂದು ಸಹಿ ಸಾಕು. ಅದೇ ದಿನಗಳಲ್ಲಿ ತಲಪಾಡಿಯ ಗಡಿಯಾಚೆ ಕೇರಳದಲ್ಲಿ ಎಡಪಕ್ಷ ಮತ್ತು ಕಾಂಗ್ರೆಸಿನ ಯುವ ಸಂಘಟನೆಗಳು ಆ ಚಿತ್ರವನ್ನು ಹಲವು ಕಡೆ ಬಹಿರಂಗವಾಗಿ ತೋರಿಸಿದವು. ತೋರಿಸಲು ನಿರ್ಧರಿಸಿದವರಿಗೆ ದಾರಿ ಇತ್ತು. ಮೊಬೈಲಿನಲ್ಲಿ ಒಬ್ಬೊಬ್ಬರೇ ನೋಡುವುದಕ್ಕೂ ಹತ್ತು ಜನ ಸೇರಿ ನೋಡುವುದಕ್ಕೂ ವ್ಯತ್ಯಾಸವಿದೆ. ಒಬ್ಬನೇ ನೋಡಿದವನು ಒಂದೋ ಕುದಿಯುತ್ತಾನೆ, ಇಲ್ಲವೇ ಮರೆಯುತ್ತಾನೆ. ಸೇರಿ ನೋಡಿದವರು ಮಾತನಾಡುತ್ತಾರೆ, ಜಗಳವಾಡುತ್ತಾರೆ, ಪಕ್ಕದವನ ಮುಖ ನೋಡುತ್ತಾರೆ. ನಮ್ಮ ಬೆರಳು ತಳ್ಳಿದ್ದನ್ನು ನಮ್ಮವರೇ ನೋಡುವ ಈ ಕಾಲದಲ್ಲಿ, ಆ ತಾಯಿ ಕೇಳಿದ ಪ್ರಶ್ನೆಗೆ ಉತ್ತರ ಇನ್ನಷ್ಟು ದೂರ ಹೋಗಿದೆ.

ನಮ್ಮ ಊರಿನ ಸಾಕ್ಷ್ಯದ ಗತಿಯನ್ನೇ ನೋಡಿ. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೊಲೀಸ್ ಗೋಲಿಬಾರಿಗೆ ಇಬ್ಬರು ಬಲಿಯಾದರು. ಮೊಬೈಲ್ ಇಂಟರ್‌ನೆಟ್ ಸ್ಥಗಿತಗೊಂಡಿತು. ಜನರು ಸೆರೆಹಿಡಿದ ದೃಶ್ಯಗಳನ್ನು ಒಟ್ಟು ಮಾಡಿ 2020ರ ಜನವರಿಯಲ್ಲಿ ಎಚ್.ಡಿ. ಕುಮಾರಸ್ವಾಮಿಯವರು ಬಿಡುಗಡೆ ಮಾಡಿದರು. ಟಿವಿ ವಾಹಿನಿಗಳು ಎರಡು ದಿನ ಚರ್ಚಿಸಿ ಮುಂದೆ ಹೋದವು. ಆ ತುಣುಕುಗಳನ್ನು ಜೋಡಿಸಿ, ಎರಡೂ ಕಡೆಯ ಮಾತು ಕೇಳಿಸಿ, ಆ ದಿನ ಏನಾಯಿತೆಂದು ಶಾಂತವಾಗಿ ಹೇಳುವ ಕೆಲಸಕ್ಕೆ ನಾಳೆ ಯಾರಾದರೂ ಕೈಹಾಕಿದರೆ, ಅದನ್ನು ತೋರಿಸಲು ಈ ನಗರದಲ್ಲಿ ಒಂದು ಕೋಣೆಯಾದರೂ ಸಿಕ್ಕೀತೇ? ಬಾಗಿಲು ತೆರೆಯುವುದಿಲ್ಲವೆಂದು ಮೊದಲೇ ಗೊತ್ತಿರುವ ಊರಿನಲ್ಲಿ ಯಾರು ತಾನೇ ಚಿತ್ರ ಮಾಡುತ್ತಾರೆ?

ಸಾಧ್ಯವಿಲ್ಲ ಎನ್ನುವವರಿಗೆ ಗೋರಖ್‌ಪುರವನ್ನು ತೋರಿಸುತ್ತೇವೆ. ಯೋಗಿ ಆದಿತ್ಯನಾಥ್ ಸಂಸದರಾಗಿದ್ದ ಕಾಲದಲ್ಲಿ, ಅವರದೇ ಊರಿನಲ್ಲಿ, 2006ರಲ್ಲಿ 'ಪ್ರತಿರೋಧ್ ಕಾ ಸಿನೆಮಾ' ಎಂಬ ಚಿತ್ರೋತ್ಸವ ಆರಂಭವಾಯಿತು. ಸರಕಾರದ ಹಣ ಬೇಡ, ಕಂಪೆನಿಗಳ ಪ್ರಾಯೋಜಕತ್ವ ಬೇಡ, ಜನರಿಂದ ಕೂಡಿಸಿದ ಹಣ ಸಾಕು ಎಂಬುದು ಅವರ ನಿಯಮ. ಅಲ್ಲಿಂದ ಅದು ಉತ್ತರ ಭಾರತದ ಅನೇಕ ಸಣ್ಣ ಊರುಗಳಿಗೆ ಹಬ್ಬಿತು. ಗೋರಖ್‌ಪುರದಲ್ಲಿ ಸಾಧ್ಯವಾದದ್ದು ಮಂಗಳೂರಿನಲ್ಲಿ ಯಾಕೆ ಸಾಧ್ಯವಿಲ್ಲ? ಶಾಲೆ, ಕಾಲೇಜು, ಆಸ್ಪತ್ರೆ, ಮದುವೆ ಹಾಲುಗಳನ್ನು ಕೋಟಿಗಟ್ಟಲೆ ಸುರಿದು ಕಟ್ಟಿರುವ ನಮ್ಮ ಸಮುದಾಯಕ್ಕೆ ಒಂದು ಪ್ರೊಜೆಕ್ಟರ್, ಒಂದು ಬಿಳಿ ಬಟ್ಟೆ, ಐವತ್ತು ಕುರ್ಚಿ ಭಾರವಾಗುತ್ತದೆಯೇ?

ನಮ್ಮ ಬೇಡಿಕೆಗಳು ದೊಡ್ಡವೇನಲ್ಲ. ನಮ್ಮ ಸಂಸ್ಥೆಗಳ ಸಭಾಂಗಣಗಳು ತಿಂಗಳಿಗೊಂದು ಸಂಜೆ ಚಿತ್ರಗಳಿಗೆ ತೆರೆದಿರಲಿ. ನಮ್ಮ ನೋವಿನ ಚಿತ್ರಗಳ ಜೊತೆ ದಲಿತರ, ಕಾಶ್ಮೀರಿ ಪಂಡಿತರ, ಪೌರಕಾರ್ಮಿಕರ, ನಮ್ಮದೇ ಮನೆಗಳ ಹೆಣ್ಣುಮಕ್ಕಳ ನೋವಿನ ಚಿತ್ರಗಳೂ ಅಲ್ಲಿ ಬರಲಿ. ನಮ್ಮನ್ನು ಟೀಕಿಸುವ ಚಿತ್ರವನ್ನೂ ಕುಳಿತು ನೋಡಿ ಉತ್ತರಿಸುವ ಅಭ್ಯಾಸ ನಮಗಾಗಲಿ. ಒಳ್ಳೆಯ ಚಿತ್ರಗಳಿಗೆ, ನಿರ್ದೇಶಕರ ಒಪ್ಪಿಗೆ ಪಡೆದು, ಕನ್ನಡ, ತುಳು, ಬ್ಯಾರಿಗಳಲ್ಲಿ ಅಡಿಬರಹವನ್ನೋ ಧ್ವನಿಯನ್ನೋ ಸೇರಿಸುವ ಕೆಲಸವನ್ನು ನಮ್ಮ ಕಾಲೇಜಿನ ಮಕ್ಕಳು ವಹಿಸಿಕೊಳ್ಳಲಿ. ಮೊದಲ ಆಹ್ವಾನ ರಸ್ತೆಯ ಆಚೆ ಬದಿಯ ಮನೆಗೆ ಹೋಗಲಿ.

ಕಪಾಟಿನಲ್ಲಿರುವ ಆ ಸಿಡಿಯನ್ನು ಹಾಕಿ ನೋಡುವ ಯಂತ್ರ ಈಗ ನಮ್ಮ ಮನೆಯಲ್ಲಿ ಇಲ್ಲ. ಆದರೆ ಅದನ್ನು ಕೊಟ್ಟವರಿಗೆ ನಾವಿತ್ತ ಮಾತು ಹಾಗೆಯೇ ಉಳಿದಿದೆ. ಇನ್ನೂ ಮೂರು ಪ್ರತಿ ಬಾಕಿ. ಕಾವೂರಿನಲ್ಲಿ ಬಾಗಿಲು ತೆರೆಯುವ ಮೂರು ಮನೆಗಳು ಸಿಕ್ಕಿದರೆ ನಾವು ಬರಲು ಸಿದ್ಧರಿದ್ದೇವೆ. ಆ ಮೂರರಲ್ಲಿ ಒಂದಾದರೂ ಜಾತ್ರೆಗೆ ಹೋಗುವವರ ಮನೆಯಾಗಿರಲಿ ಎಂಬುದು ನಮ್ಮ ಆಸೆ.